ಅನ್ನವುಂಟು, ಪಾಲಿಲ್ಲ

1883ರ ಡಿಸೆಂಬರ್ 25ರಂದು ಅಹ್ಮದ್‌ನಗರದ ಕೋಟೆಯಲ್ಲಿ ಇಪ್ಪತ್ತು ವರ್ಷದ ತರುಣನೊಬ್ಬ ತೀರಿಕೊಂಡ. ಅವನನ್ನು ನೋಡಿಕೊಳ್ಳಲು ನೇಮಕವಾಗಿದ್ದ ಗ್ರೀನ್ ಎಂಬ ಇಂಗ್ಲಿಷ್ ಸೈನಿಕನೊಡನೆ ಆದ ಜಗ್ಗಾಟದಲ್ಲಿ ಬಿದ್ದ ಪೆಟ್ಟು ಅವನ ಜೀವ ತೆಗೆದಿತ್ತು. ಆ ತರುಣ ಕೊಲ್ಹಾಪುರದ ಛತ್ರಪತಿ ನಾಲ್ಕನೆಯ ಶಿವಾಜಿ.

ಬ್ರಿಟಿಷ್ ಸರಕಾರ ಅವನಿಗೆ ಬುದ್ಧಿಭ್ರಮಣೆಯೆಂದು ತೀರ್ಮಾನಿಸಿತ್ತು. ಆಡಳಿತ ಕಾಗಲಿನ ಜಯಸಿಂಗರಾವ್ ಘಾಟಗೆಯವರ ಕೈಗೆ ಹೋಗಿತ್ತು. ಅರಸನಿಗೆ ಊಟವಿತ್ತು, ಆಳುಗಳಿದ್ದರು. ತಾನು ಎಲ್ಲಿರಬೇಕು, ಯಾರ ಜೊತೆ ಇರಬೇಕು ಎಂಬ ಮಾತು ಮಾತ್ರ ಅವನ ಕೈಯಲ್ಲಿರಲಿಲ್ಲ. ದಿವಾನ ಮಾಧವರಾವ್ ಬರ್ವೆ ಅರಸನನ್ನು ಹಿಂಸಿಸುತ್ತಿದ್ದಾರೆಂದು ‘ಕೇಸರಿ’, ‘ಮರಾಠಾ’ ಪತ್ರಿಕೆಗಳು ಕೂಗೆಬ್ಬಿಸಿದವು. ಆಧಾರವಾಗಿದ್ದ ಪತ್ರಗಳು ಖೊಟ್ಟಿಯೆಂದು ಕೋರ್ಟಿನಲ್ಲಿ ಗೊತ್ತಾಗಿ, 1882ರಲ್ಲಿ ಅವುಗಳ ಸಂಪಾದಕರಾದ ತಿಲಕರೂ ಆಗರಕರರೂ ಮುಂಬಯಿಯ ಡೋಂಗ್ರಿ ಜೈಲಿನಲ್ಲಿ 101 ದಿನ ಕಳೆದರು. ಪತ್ರಗಳು ಸುಳ್ಳಾದರೂ ಅವು ಎಬ್ಬಿಸಿದ ಪ್ರಶ್ನೆ ಸುಳ್ಳಾಗಿರಲಿಲ್ಲ: ಬುದ್ಧಿ ಸರಿಯಿಲ್ಲ ಎಂದಾದ ಮೇಲೆ ಒಬ್ಬನ ಪರವಾಗಿ ಮಾತಾಡುವವರು ಯಾರು, ಅವರನ್ನು ವಿಚಾರಿಸುವವರು ಯಾರು?

ಆ ಪ್ರಶ್ನೆಯ ಬೇರು ಕನ್ನಡ ನೆಲದಲ್ಲೇ ಇದೆ. ಇಂದು ಬಸವಕಲ್ಯಾಣ ಎನ್ನುವ ಊರಿನಲ್ಲಿ, ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದ ಕಾಲದಲ್ಲಿ (1076–1126), ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ ಎಂಬ ವ್ಯಾಖ್ಯಾನ ಬರೆದ. ಆ ಅರಸನಿಗೂ ಕೊಲ್ಹಾಪುರದ ಸೀಮೆಗೂ ಬೀಗತನವಿತ್ತು. ಅವನ ರಾಣಿ ಚಂದಲದೇವಿ ಕರಾಡ–ಕೊಲ್ಹಾಪುರ ಭಾಗ ಆಳಿದ ಶಿಲಾಹಾರರ ಮನೆಮಗಳು. ಬಂಗಾಳದ ಕಡೆ ಬಿಟ್ಟರೆ ಭಾರತದ ಬಹುಪಾಲು ಹಿಂದೂ ಕುಟುಂಬಗಳ ಆಸ್ತಿ ವ್ಯಾಜ್ಯಗಳು ಶತಮಾನಗಳ ಕಾಲ ಈ ಗ್ರಂಥದ ಮೇಲೆಯೇ ತೀರ್ಮಾನವಾದವು. ಕುರುಡ, ಕುಂಟ, ಹುಚ್ಚ, ವಾಸಿಯಾಗದ ರೋಗಿ ಇಂಥವರಿಗೆ ಪಿತ್ರಾರ್ಜಿತದಲ್ಲಿ ಪಾಲಿಲ್ಲ, ಆದರೆ ಜೀವಮಾನವಿಡೀ ಅನ್ನಬಟ್ಟೆ ಕೊಟ್ಟು ಸಾಕಲೇಬೇಕು ಎಂಬ ಯಾಜ್ಞವಲ್ಕ್ಯನ ಮಾತನ್ನು ವಿಜ್ಞಾನೇಶ್ವರ ಅಲ್ಲಿ ವಿವರಿಸುತ್ತಾನೆ. ಔಷಧದಿಂದ ದೋಷ ಹೋದರೆ ಪಾಲು ಮರಳುತ್ತದೆ, ಅವರ ಮಕ್ಕಳು ನಿರ್ದೋಷಿಗಳಾಗಿದ್ದರೆ ಅವರಿಗೂ ಹಕ್ಕುಂಟು ಎನ್ನುತ್ತಾನೆ. ಅಷ್ಟರ ಮಟ್ಟಿಗೆ ಕರುಣೆಯಿದೆ. ಆದರೂ ಎಮ್ಮೆ ಕಾಯುವವನಿಗೂ ಇರುವ ಹಕ್ಕು ಕಣ್ಣಿಲ್ಲದವನಿಗೆ ಇಲ್ಲ ಎಂಬ ಕಹಿ ಅದರ ಒಳಗೇ ಉಳಿಯಿತು. ಸಾಕುವವರ ಮರ್ಜಿಯಲ್ಲಿ ಬದುಕುವುದೇ ಅವನ ಪಾಲಾಯಿತು.

1928ರಲ್ಲಿ ಈ ಗಂಟು ಅರ್ಧ ಬಿಚ್ಚಿತು. ಹುಟ್ಟಿನಿಂದ ಬುದ್ಧಿಹೀನರಾದವರನ್ನು ಹೊರತುಪಡಿಸಿ ಉಳಿದ ಅಂಗವಿಕಲರಿಗೆ ಆಸ್ತಿಹಕ್ಕು ಕೊಡುವ ಕಾಯ್ದೆ ಬಂತು. ಅದು ಬ್ರಿಟಿಷ್ ಇಂಡಿಯಾದ ಕಾಯ್ದೆ. ಕೊಲ್ಹಾಪುರ ಆಗಿನ್ನೂ ಸಂಸ್ಥಾನ, 1949ರ ಮಾರ್ಚ್ 1ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾದದ್ದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೇ ಕಲಮು ರೋಗ, ಊನ, ವಿಕಾರಗಳ ನೆಪದಲ್ಲಿ ಯಾರ ಪಾಲನ್ನೂ ತಪ್ಪಿಸಕೂಡದೆಂದು ಸಾರಿದಾಗ ಗಡಹಿಂಗ್ಲಜದ ಕುರುಡ ಮಗನೂ ಇಚಲಕರಂಜಿಯ ಕಿವುಡ ಮಗಳೂ ಒಂದೇ ಸಾಲಿನಲ್ಲಿ ನಿಂತರು.

ಹಕ್ಕು ಕಾಗದಕ್ಕೆ ಬಂದರೂ ಬದುಕುವ ದಾರಿ ಬೇರೆಯೇ ಕಟ್ಟಬೇಕಾಗಿತ್ತು. ಕೊಲ್ಹಾಪುರದಲ್ಲಿ ಅದನ್ನು ಕಟ್ಟಿದವರು ನಸೀಮಾ ಹುರ್ಜುಕ್. ಹದಿಹರೆಯದಲ್ಲಿ ಸೊಂಟದ ಕೆಳಗಿನ ಶಕ್ತಿ ಹೋಗಿ ಗಾಲಿಕುರ್ಚಿ ಹಿಡಿದ ಇವರು 1984ರಲ್ಲಿ ‘ಹೆಲ್ಪರ್ಸ್ ಆಫ್ ದ ಹ್ಯಾಂಡಿಕ್ಯಾಪ್ಡ್’ ಸಂಸ್ಥೆ ಶುರುಮಾಡಿದರು. ಮಕ್ಕಳಿಗೆ ವಸತಿಗೃಹ, ಶಾಲೆ. ಮುಂದೆ ಸಿಂಧುದುರ್ಗದಲ್ಲಿ ಗೋಡಂಬಿ ಸಂಸ್ಕರಣೆಯ ಕೆಲಸ. ‘ಚಾಕಾಚಿ ಖುರ್ಚಿ’ ಅವರ ಆತ್ಮಕಥೆ. ಅನ್ನಬಟ್ಟೆಯ ಜೊತೆಗೆ ಓದು, ದುಡಿಮೆ, ಸ್ವಂತ ಸಂಬಳ ಇವೆಲ್ಲ ಸೇರಿದರೆ ಮಾತ್ರ ಪಾಲಿಗೆ ಅರ್ಥವೆಂಬುದು ಅವರ ಕೆಲಸದಲ್ಲೇ ಕಾಣುತ್ತದೆ.

ಆದರೆ ಬುದ್ಧಿಮಾಂದ್ಯ ಮಕ್ಕಳ ತಂದೆತಾಯಿಗಳನ್ನು ರಾತ್ರಿ ಮಲಗಗೊಡದ ಚಿಂತೆ ಬೇರೆ: ನಾವು ಹೋದ ಮೇಲೆ ಇವನಿಗೆ ಯಾರು? ಹದಿನೆಂಟು ತುಂಬಿದ ಮಗನ ಪರವಾಗಿ ತಂದೆ ತಾನೇ ಸಹಿ ಹಾಕಲು ಕಾನೂನು ಸುಮ್ಮನೆ ಬಿಡುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದಕ್ಕೆಂದೇ ಬಂತು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಕಲತೆ ಇರುವವರಿಗೆ ಜಿಲ್ಲಾಧಿಕಾರಿ ಇರುವ ಸಮಿತಿ ಪಾಲಕರನ್ನು ನೇಮಿಸಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮತ್ತೊಂದು ಹೆಜ್ಜೆ ಮುಂದಿಟ್ಟಿತು. ಪಾಲಕತ್ವ ಒಂದು ನಿರ್ದಿಷ್ಟ ಕೆಲಸಕ್ಕೆ, ಒಂದು ಅವಧಿಗೆ ಮಾತ್ರ. ಪಾಲಕ ಒಬ್ಬನೇ ತೀರ್ಮಾನಿಸದೆ ಆ ವ್ಯಕ್ತಿಯ ಜೊತೆ ಕೂಡಿ, ಅವನ ಇಚ್ಛೆಯಂತೆ ನಡೆಯಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೂ ಮುಂದೆ ಕಾಯಿಲೆ ಬಂದರೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರ ಯಾರು ಮಾತಾಡಬೇಕು ಎಂಬುದನ್ನು ಮೊದಲೇ ಬರೆದಿಡುವ ಅಧಿಕಾರ ಕೊಟ್ಟಿದೆ. ನಾಲ್ಕನೆಯ ಶಿವಾಜಿಯನ್ನು ಇಂಥ ಒಂದು ಮಾತೂ ಯಾರೂ ಕೇಳಿರಲಿಲ್ಲ.

ಮುಪ್ಪಿನವರ ಕಥೆ ತಿರುವುಮುರುವು. ಅವರ ಕೈಯಲ್ಲಿ ಪಾಲಿದೆ, ಕೊಟ್ಟ ಮೇಲೆ ಅನ್ನವಿರುವುದಿಲ್ಲ. ಮಗನ ಹೆಸರಿಗೆ ಮನೆ ಬರೆದುಕೊಟ್ಟು ಪಡಸಾಲೆಯ ಮೂಲೆ ಹಿಡಿದ ಅಜ್ಜ-ಅಜ್ಜಿಯರು ಎಲ್ಲ ಊರಲ್ಲೂ ಇದ್ದಾರೆ. 2007ರ ಹಿರಿಯ ನಾಗರಿಕರ ಕಾಯ್ದೆಯ ಪ್ರಕಾರ ಇವರು ವಕೀಲರಿಲ್ಲದೆಯೇ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ಮಹಾರಾಷ್ಟ್ರದಲ್ಲಿ ಅದು ಪ್ರಾಂತಾಧಿಕಾರಿಯ ಕಚೇರಿ. ಜೀವನಾಂಶ ತಿಂಗಳಿಗೆ ಹೆಚ್ಚೆಂದರೆ 10,000 ರೂಪಾಯಿ. ಅದಕ್ಕಿಂತ ಬಲವಾದದ್ದು 23ನೇ ಕಲಮು: ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ, ರದ್ದು ಮಾಡಿಸಬಹುದು.

ಈ ಷರತ್ತನ್ನು ಕುರಿತೇ ಜಗಳ. ಷರತ್ತು ಇತ್ತೆಂದು ಸಾಬೀತಾಗಲೇಬೇಕು ಎಂದು ಸುಪ್ರೀಂ ಕೋರ್ಟು 2022ರಲ್ಲಿ ಬಿಗಿಯಾಗಿ ಹೇಳಿತು. 2025ರ ಜನವರಿಯಲ್ಲಿ ಅದೇ ಕೋರ್ಟು ಈ ಕಾಯ್ದೆಯನ್ನು ವೃದ್ಧರ ಪರವಾಗಿ ಉದಾರವಾಗಿ ಓದಬೇಕೆಂದಿತು. ಕೋರ್ಟು ಹೇಗೆ ಓದೀತೆಂದು ಕಾಯುವ ಬದಲು, ದಾನಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮುಂಚೆಯೇ ಊಟ, ಔಷಧ, ಇರಲು ಒಂದು ಕೋಣೆ ಎಂಬ ಮೂರನ್ನು ಆ ಕಾಗದದಲ್ಲಿ ಬಿಡಿಸಿ ಬರೆಸಬೇಕು. ಬರೆದದ್ದನ್ನು ಅಜ್ಜಿಗೆ ಅವಳ ಮಾತಿನಲ್ಲೇ, ಕನ್ನಡವಾದರೆ ಕನ್ನಡದಲ್ಲಿ, ಓದಿ ಹೇಳಬೇಕು.