ರೈಲು ಹೋಯಿತು, ಮಣ್ಣು ಉಳಿಯಿತು: ಬಾಣಸವಾಡಿಯಿಂದ ಒಂದು ಹಳಿಯ ಕಥೆ

ಬಾಣಸವಾಡಿ ರೈಲು ನಿಲ್ದಾಣ ನಮ್ಮ ಊರುಗಳ ಕಡೆಯವರಿಗೆ ಹೊಸದಲ್ಲ. ಮೆಜೆಸ್ಟಿಕ್ಕಿನ ಗದ್ದಲಕ್ಕೆ ಹೋಗದೆ, ಯಶವಂತಪುರ, ಹೆಬ್ಬಾಳದ ಕಡೆಯಿಂದ ಬಂದು ಬೆಂಗಳೂರಿನ ಪೂರ್ವಕ್ಕೆ ಇಳಿಯುವವರ ನಿಲ್ದಾಣ ಇದು. ಕೇರಳದ ಎರ್ನಾಕುಲಂಗೆ ಹೋಗುವ ರೈಲು ಬಹಳ ದಿನ ಇಲ್ಲಿಂದಲೇ ಹೊರಡುತ್ತಿತ್ತು. 2022ರ ಜೂನ್ 6ರಂದು ಪಕ್ಕದ ಬೈಯಪ್ಪನಹಳ್ಳಿಯಲ್ಲಿ 7 ಪ್ಲಾಟ್‌ಫಾರಂಗಳ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಶುರುವಾಯಿತು. ಅಲ್ಲಿಂದ ಹೊರಟ ಮೊದಲ ರೈಲು ಇದೇ ಎರ್ನಾಕುಲಂ ರೈಲು.

ರೈಲು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗುವುದು ಸುದ್ದಿಯಾಗುತ್ತದೆ. ಬಿಟ್ಟುಹೋದ ಜಾಗದ ನೆಲ ಏನಾಯಿತು ಎಂಬುದು ಸುದ್ದಿಯಾಗುವುದಿಲ್ಲ. ನಾವು ಇಲ್ಲಿ ಬರೆಯಲು ಹೊರಟಿರುವುದು ಆ ನೆಲದ ಬಗ್ಗೆ. ಬೇರೆ ದೇಶಗಳಲ್ಲಿ ಹಳೆಯ ರೈಲು ದಾರಿಗಳನ್ನು ಶುಚಿ ಮಾಡಿ ಜನ ನಡೆದಾಡುವ ದಾರಿ ಮಾಡಿದ್ದಾರೆ. ನಮ್ಮಲ್ಲೂ ಅಂಥ ಆಸೆ ಇರುವವರಿದ್ದಾರೆ. ಆದರೆ ಅದಕ್ಕೆ ಮುಂಚೆ ಒಂದು ಪ್ರಶ್ನೆ ಕೇಳಬೇಕು. ನೂರು ವರ್ಷ ರೈಲು ಓಡಿದ ಮಣ್ಣಿನಲ್ಲಿ ಏನೇನು ಸೇರಿದೆ?

ಮೂರು ಅಳತೆಯ ಹಳಿ

ಮೊದಲು ಸ್ವಲ್ಪ ಇತಿಹಾಸ. ಬೆಂಗಳೂರಿಗೆ ರೈಲು ಬಂದದ್ದು 1864ರ ಆಗಸ್ಟ್ 1ರಂದು. ಅದು ಬಂದದ್ದು ಪೇಟೆಗಲ್ಲ, ದಂಡಿಗೆ. ಮದ್ರಾಸ್ ರೈಲ್ವೆ ಕಂಪನಿ ಜೋಲಾರಪೇಟೆಯಿಂದ ದಂಡು ನಿಲ್ದಾಣಕ್ಕೆ, ಅಂದರೆ ಇಂದಿನ ಕಂಟೋನ್ಮೆಂಟ್‌ಗೆ, ಹಳಿ ಹಾಕಿತು. ಬ್ರಿಟಿಷರಿಗೆ ಬೇಕಾಗಿದ್ದದ್ದು ಸೈನ್ಯ, ಸೈನ್ಯದ ಸಾಮಾನು, ಮದ್ರಾಸಿನ ಬಂದರು. ಅದು 5 ಅಡಿ 6 ಇಂಚಿನ ಬ್ರಾಡ್‌ಗೇಜ್.

1880ರ ದಶಕದಲ್ಲಿ ಮೈಸೂರು, ತುಮಕೂರು, ಗುಬ್ಬಿ ಕಡೆಗೆ ಹೋದದ್ದು ಮೀಟರ್‌ಗೇಜ್. ಆಮೇಲೆ 20ನೇ ಶತಮಾನದ ಎರಡನೇ ದಶಕದಲ್ಲಿ ಕೋಲಾರ, ಚಿಂತಾಮಣಿ, ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆಗೆ ಬಂತು ಪುಟಾಣಿ ರೈಲು. ಅದರ ಹಳಿಗಳ ನಡುವೆ ಇದ್ದದ್ದು ಬರೀ 2 ಅಡಿ 6 ಇಂಚು. ಹೀಗೆ ಒಂದೇ ಸೀಮೆಯಲ್ಲಿ ಮೂರು ಅಳತೆಯ ಹಳಿ. ಒಂದು ಅಳತೆಯ ಗಾಡಿ ಇನ್ನೊಂದರ ಮೇಲೆ ಓಡದು. ಹಾಗಾಗಿ ಅಳತೆ ಬದಲಾಗುವ ಕಡೆಯೆಲ್ಲ ಮೂಟೆಗಳನ್ನು ಕೂಲಿಯವರು ಒಂದು ಬೋಗಿಯಿಂದ ಇಳಿಸಿ ಇನ್ನೊಂದಕ್ಕೆ ಹೊರಬೇಕಿತ್ತು. ಕಲ್ಲಿದ್ದಲು, ಎಣ್ಣೆ, ಗೊಬ್ಬರ, ಸುಣ್ಣ, ಎಲ್ಲವೂ ಆ ಯಾರ್ಡುಗಳ ನೆಲದ ಮೇಲೆ ಚೆಲ್ಲುತ್ತಿತ್ತು.

1992ರಲ್ಲಿ ಭಾರತೀಯ ರೈಲ್ವೆ ಎಲ್ಲವನ್ನೂ ಬ್ರಾಡ್‌ಗೇಜ್ ಮಾಡುವ ಯೋಜನೆ ಕೈಗೆತ್ತಿಕೊಂಡಿತು. ನಮ್ಮ ಕಡೆ ಕೊನೆಗೆ ಬದಲಾದದ್ದರಲ್ಲಿ ಕೋಲಾರ ಮತ್ತು ಚಿಕ್ಕಬಳ್ಳಾಪುರದ ನಡುವಿನ ದಾರಿ ಒಂದು. ಅಲ್ಲಿ ಬ್ರಾಡ್‌ಗೇಜ್ ರೈಲು ಓಡಿದ್ದು 2013ರಲ್ಲಿ. ಹೊಸ ಹಳಿ ಬಹುಪಾಲು ಹಳೆ ದಾರಿಯಲ್ಲೇ ಬಂತು. ಆದರೆ ತಿರುವು ನೇರ ಮಾಡಿದ ಕಡೆ, ಯಾರ್ಡು ಕಿತ್ತ ಕಡೆ ಹಳೆ ಏರಿ, ಹಳೆ ಮೋರಿ, ಹಳೆ ಕಟ್ಟಡ ಉಳಿದುಬಿಟ್ಟವು. ನಂದಿ ಹಾಲ್ಟ್, ದೇವನಹಳ್ಳಿ, ಆವತಿಹಳ್ಳಿ, ದೊಡ್ಡಜಾಲದ ಹೆಂಚಿನ ಹಳೆ ನಿಲ್ದಾಣಗಳನ್ನು ಉಳಿಸಬೇಕೆಂದು ಇನ್‌ಟ್ಯಾಕ್ ಸಂಸ್ಥೆಯವರು ಮುಂದೆ ಬಂದರು. ಕಟ್ಟಡ ಉಳಿಸಲು ಜನ ಸಿಕ್ಕಿದರು. ಮಣ್ಣನ್ನು ಪರೀಕ್ಷಿಸುವ ಮಾತು ಮಾತ್ರ ಅಷ್ಟಾಗಿ ಕೇಳಿಬರಲಿಲ್ಲ.

ಮಣ್ಣಿನಲ್ಲಿ ಏನಿರುತ್ತದೆ

ಉಗಿಬಂಡಿಯ ಕಾಲದಲ್ಲಿ ಎಂಜಿನ್‌ನಿಂದ ಕೆಂಡ, ಬೂದಿ ಕೆಳಗೆ ಬೀಳುತ್ತಿತ್ತು. ಲೋಕೋ ಶೆಡ್ಡಿನ ಪಕ್ಕದಲ್ಲಿ ಬೂದಿಯ ಗುಡ್ಡೆಯೇ ಇರುತ್ತಿತ್ತು. ಆ ಬೂದಿಯನ್ನು ತಗ್ಗು ತುಂಬಲು, ದಾರಿ ಮಟ್ಟ ಮಾಡಲು ಬಳಸಿದರು. ಕಲ್ಲಿದ್ದಲ ಬೂದಿಯಲ್ಲಿ ಆರ್ಸೆನಿಕ್, ಸೀಸದಂಥ ವಸ್ತುಗಳು ಸ್ವಲ್ಪ ಸ್ವಲ್ಪ ಇರುತ್ತವೆ. ಒಂದು ಬುಟ್ಟಿಯಲ್ಲಿ ಇದ್ದರೆ ಏನೂ ಅಲ್ಲ, ಐವತ್ತು ವರ್ಷ ಒಂದೇ ಜಾಗದಲ್ಲಿ ಸುರಿದರೆ ಲೆಕ್ಕ ಬೇರೆ.

ಎರಡನೆಯದು ಕ್ರಿಯೋಸೋಟ್. ಕಲ್ಲಿದ್ದಲ ಟಾರಿನಿಂದ ತೆಗೆಯುವ ಕಪ್ಪು ಎಣ್ಣೆ ಇದು. ಮರದ ಸ್ಲೀಪರಿಗೆ ಗೆದ್ದಲು ಹಿಡಿಯದಿರಲಿ, ಮಳೆಗೆ ಕೊಳೆಯದಿರಲಿ ಎಂದು ಇದನ್ನು ಮರದೊಳಗೆ ಒತ್ತಿ ತುಂಬುತ್ತಿದ್ದರು. ಎಲ್ಲ ಸ್ಲೀಪರಿಗೂ ಅಲ್ಲ, ಗಟ್ಟಿ ಜಾತಿಯ ಮರವನ್ನು ಹಾಗೇ ಹಾಕುವುದೂ ಇತ್ತು. ಕ್ರಿಯೋಸೋಟ್ ಮೈಗೆ ತಾಗಿದರೆ ಚರ್ಮ ಉರಿಯುತ್ತದೆ. ವರ್ಷಗಟ್ಟಲೆ ಅದರ ಜೊತೆ ಕೆಲಸ ಮಾಡಿದವರಿಗೆ ಕ್ಯಾನ್ಸರ್ ಅಪಾಯವಿದೆ ಎಂದು ವೈದ್ಯಲೋಕ ಒಪ್ಪಿದೆ.

ಮೂರನೆಯದು ಡೀಸೆಲ್ ಮತ್ತು ಗ್ರೀಸ್. ಎಂಜಿನ್ ನಿಲ್ಲುವ, ಎಣ್ಣೆ ತುಂಬುವ ಜಾಗದಲ್ಲಿ ಇದು ತೊಟ್ಟು ತೊಟ್ಟಾಗಿ ಇಳಿದು ಅಂತರ್ಜಲದವರೆಗೂ ಹೋಗಬಹುದು. ನಾಲ್ಕನೆಯದು ಕಳೆನಾಶಕ. ಅಮೆರಿಕದಲ್ಲಿ ಹಳಿಯ ನಡುವೆ ಹುಲ್ಲು ಬೆಳೆಯದಿರಲೆಂದು ಹಿಂದೆ ಆರ್ಸೆನಿಕ್ ಇರುವ ಔಷಧಿ ಹೊಡೆಯುತ್ತಿದ್ದರು. ಆರ್ಸೆನಿಕ್ ಕೊಳೆಯುವುದಿಲ್ಲ, ಹಾಕಿದವರು ಸತ್ತ ಮೇಲೂ ಅಲ್ಲೇ ಇರುತ್ತದೆ. ಇನ್ನು ಹಳೆ ಕಬ್ಬಿಣದ ಸೇತುವೆಗಳ ಬಣ್ಣದಲ್ಲಿ ಸೀಸ. ಬಯೋ ಟಾಯ್ಲೆಟ್ ಬರುವ ಮುಂಚೆ ಬೋಗಿಯ ಶೌಚ ನೇರ ಹಳಿಯ ಮೇಲೆ ಬೀಳುತ್ತಿದ್ದದ್ದು ನಮಗೆಲ್ಲ ಗೊತ್ತೇ ಇದೆ. ಅದು ಕಾಲಕ್ರಮದಲ್ಲಿ ಕೊಳೆತು ಮಣ್ಣಾಗುತ್ತದೆ. ಉಳಿದವು ಹಾಗಲ್ಲ.

ಇಷ್ಟೆಲ್ಲ ಎಲ್ಲ ಕಡೆಯೂ ಇರುತ್ತದೆ ಎಂದು ನಾವು ಹೇಳುತ್ತಿಲ್ಲ. ಊರಾಚೆ ಹೊಲದ ನಡುವೆ ಹಾದುಹೋದ ಏರಿಯಲ್ಲಿ ಕಡಿಮೆ ಇರುತ್ತದೆ. ಯಾರ್ಡು, ಶೆಡ್ಡು, ಎಣ್ಣೆ ಪಂಪು, ಸ್ಲೀಪರ್ ರಾಶಿ ಹಾಕಿದ ಜಾಗದಲ್ಲಿ ಹೆಚ್ಚು. ಅದಕ್ಕೇ ಇತಿಹಾಸ ಬೇಕಾಗುವುದು. ಎಲ್ಲಿ ಏನಿತ್ತು ಎಂದು ಗೊತ್ತಾದರೆ ಎಲ್ಲಿ ಅಗೆದು ನೋಡಬೇಕು ಎಂದು ಗೊತ್ತಾಗುತ್ತದೆ.

ಬೇರೆಯವರು ಮಾಡಿದ್ದು

ಪ್ಯಾರಿಸ್‌ನಲ್ಲಿ 1859ರಿಂದ 1969ರವರೆಗೆ ರೈಲು ಓಡಿದ ಒಂದು ದಾರಿಯನ್ನು 1993ರ ಹೊತ್ತಿಗೆ ಗಿಡಮರಗಳ ಕಾಲುದಾರಿ ಮಾಡಿದರು. ಅಮೆರಿಕದಲ್ಲಿ 1983ರಲ್ಲಿ ಒಂದು ಕಾನೂನು ತಿದ್ದುಪಡಿ ಬಂತು. ರೈಲು ನಿಂತ ದಾರಿಯನ್ನು ತುಂಡು ತುಂಡಾಗಿ ಮಾರದೆ ನಡಿಗೆ ದಾರಿಯಾಗಿ ಇಟ್ಟುಕೊಳ್ಳಬಹುದು, ಮುಂದೆ ರೈಲು ಬೇಕಾದರೆ ವಾಪಸ್ ಪಡೆಯಬಹುದು ಎಂದು.

ನ್ಯೂಯಾರ್ಕಿನ ಹೈ ಲೈನ್ ಹೆಚ್ಚು ಹೆಸರಾದದ್ದು. ಕಂಬಗಳ ಮೇಲೆ 1934ರಲ್ಲಿ ಶುರುವಾದ ಆ ಗೂಡ್ಸ್ ದಾರಿಯಲ್ಲಿ ಕೊನೆಯ ರೈಲು ಓಡಿದ್ದು 1980ರಲ್ಲಿ. ಕೆಡವಿಬಿಡಿ ಎಂದು ಸುತ್ತಲಿನ ಜಮೀನುದಾರರು ಹಠ ಹಿಡಿದರು. 1999ರಲ್ಲಿ ಅಲ್ಲಿನ ಇಬ್ಬರು ನಿವಾಸಿಗಳು ಉಳಿಸಲು ಸಂಘ ಕಟ್ಟಿದರು. ಮೊದಲ ಭಾಗ ತೆರೆದದ್ದು 2009ರಲ್ಲಿ. ಗಿಡ ನೆಡುವ ಮುಂಚೆ ಅವರು ಹಳಿಗಳಿಗೆ ನಂಬರ್ ಹಾಕಿ ಕಿತ್ತು ಬದಿಗಿಟ್ಟರು, ಹಳೆ ಜಲ್ಲಿ ಮಣ್ಣು ಪೂರ್ತಿ ತೆಗೆದರು, ಕಬ್ಬಿಣದ ಸೀಸದ ಬಣ್ಣ ಕೆರೆದರು, ಕಾಂಕ್ರೀಟ್ ಸರಿಪಡಿಸಿದರು. ಆಮೇಲೆ ಹೊಸ ಮಣ್ಣು ತುಂಬಿ ಹಳಿಗಳನ್ನು ಅದೇ ಜಾಗಕ್ಕೆ ಕೂಡಿಸಿದರು. ಇಂದು ಫೋಟೋದಲ್ಲಿ ಹೂವು ಕಾಣುತ್ತದೆ, ಕೆರೆದ ಬಣ್ಣ ಕಾಣುವುದಿಲ್ಲ.

ಸಿಂಗಪುರದಲ್ಲಿ ಮಲಯ ರೈಲ್ವೆಯ ದಾರಿ 2011ರ ಜೂನ್ 30ಕ್ಕೆ ನಿಂತಿತು. ಸುಮಾರು 24 ಕಿಲೋಮೀಟರ್ ಉದ್ದದ ಆ ಜಾಗವನ್ನು ಸರ್ಕಾರ ಕಟ್ಟಡಗಳಿಗೆ ಹಂಚದೆ ನಡಿಗೆಗೆ ಇಟ್ಟಿತು.

ಶುಚಿ ಮಾಡುವ ಕ್ರಮ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಮೊದಲು ಹಳೆ ನಕ್ಷೆ ನೋಡುವುದು, ನಿವೃತ್ತ ಕೆಲಸಗಾರರನ್ನು ಕೇಳುವುದು. ಆಮೇಲೆ ಮಣ್ಣು, ಬಾವಿ ನೀರಿನ ಪರೀಕ್ಷೆ. ವಿಷ ಹೆಚ್ಚಿರುವ ಮಣ್ಣನ್ನು ಅಗೆದು ಅಪಾಯಕಾರಿ ತ್ಯಾಜ್ಯದ ಜಾಗಕ್ಕೆ ಸಾಗಿಸುವುದು. ಕಡಿಮೆ ಇರುವ ಕಡೆ ದಪ್ಪ ಬಟ್ಟೆಯಂಥ ಪದರ ಹಾಸಿ ಮೇಲೆ ಒಳ್ಳೆಯ ಮಣ್ಣು ಹಾಕುವುದು. ನಡೆಯುವ ದಾರಿಗೆ ಗಟ್ಟಿ ಹೊದಿಕೆ. ಅಲ್ಲಿ ಸೊಪ್ಪು ತರಕಾರಿ ಬೆಳೆಯಬಾರದು ಎಂಬ ನಿಬಂಧನೆ. ಕಷ್ಟದ ಕೆಲಸ, ಖರ್ಚಿನ ಕೆಲಸ, ಆದರೆ ಗೊತ್ತಿಲ್ಲದ ಕೆಲಸವಲ್ಲ.

ನಮ್ಮ ಸುತ್ತ

ಬಾಣಸವಾಡಿಯಿಂದ ಸ್ವಲ್ಪ ದೂರದ ಕಂಟೋನ್ಮೆಂಟ್ ರೈಲ್ವೆ ಕಾಲೊನಿಯ ವಿಷಯ 2025ರಲ್ಲಿ ದೊಡ್ಡದಾಯಿತು. 8.61 ಎಕರೆ ರೈಲ್ವೆ ಜಾಗ, 368 ಮರ. ವಾಣಿಜ್ಯ ಕಟ್ಟಡಕ್ಕಾಗಿ ಮರ ಕಡಿಯುವ ಮಾತು ಬಂದಾಗ ಜನ ಎದ್ದುನಿಂತರು. ರಾಜ್ಯ ಸರ್ಕಾರ ಅದನ್ನು ಜೀವವೈವಿಧ್ಯ ಪಾರಂಪರಿಕ ತಾಣ ಮಾಡುವ ಕಡೆ ಹೆಜ್ಜೆ ಇಟ್ಟಿತು. ಬೈಯಪ್ಪನಹಳ್ಳಿಯಲ್ಲಿ ಟ್ರಾನ್ಸ್‌ಫಾರ್ಮರ್, ಮೋಟಾರು ಮಾಡುತ್ತಿದ್ದ ಎನ್‌ಜಿಇಎಫ್ ಕಾರ್ಖಾನೆ 2002ರಲ್ಲಿ ಮುಚ್ಚಿತು. ಆ ಜಾಗದಲ್ಲಿ ವೃಕ್ಷೋದ್ಯಾನ ಮಾಡುವುದು ಸರ್ಕಾರದ ಯೋಜನೆ. ಎರಡೂ ಒಳ್ಳೆಯ ಸುದ್ದಿ. ನಮ್ಮ ಮಾತು ಇಷ್ಟೇ: ಮರ ಎಣಿಸಿದ ಹಾಗೆ ಮಣ್ಣನ್ನೂ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಗೇಟಿನ ಬಳಿ ಬೋರ್ಡ್ ಹಾಕಿ.

ಪರೀಕ್ಷೆ ಮಾಡದೆ ಬಿಟ್ಟರೆ ಏನಾಗುತ್ತದೆ ಎಂದು ತಿಳಿಯಲು ನ್ಯೂಯಾರ್ಕಿಗೆ ಹೋಗಬೇಕಿಲ್ಲ. ಇದೇ ಜೋಲಾರಪೇಟೆ ದಾರಿಯಲ್ಲಿ ಬಂಗಾರಪೇಟೆಯಲ್ಲಿ ಇಳಿದು ಕೆಜಿಎಫ್ ಕಡೆ ಹೋದರೆ ಸಾಕು. 1894ರಲ್ಲಿ ಚಿನ್ನದ ಗಣಿಗೆಂದೇ ಅಲ್ಲಿಗೆ ಹಳಿ ಹಾಕಿದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಸೈನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ 13 ದಿಬ್ಬ, 3 ಕೋಟಿ ಟನ್ನಿಗೂ ಹೆಚ್ಚು, ಊರ ಮಧ್ಯೆ ನಿಂತಿದೆ. ಗಾಳಿ ಎದ್ದರೆ ಆ ಧೂಳು ಮನೆಯೊಳಗೆ. ಲಾಭ ತೆಗೆದವರು ಹೋದರು, ಗುಡಿಸುವ ಕೆಲಸ ಉಳಿದವರಿಗೆ.

ಈಗ ಒಂದು ಕಾನೂನಿದೆ

2025ರ ಜುಲೈನಲ್ಲಿ ಕೇಂದ್ರ ಪರಿಸರ ಸಚಿವಾಲಯ ಕಲುಷಿತ ತಾಣಗಳ ನಿರ್ವಹಣೆ ನಿಯಮಗಳನ್ನು ಹೊರಡಿಸಿತು. ಆ ಹೊತ್ತಿಗೆ ದೇಶದಲ್ಲಿ ಗುರುತಿಸಿದ್ದ ಕಲುಷಿತ ತಾಣಗಳು 103, ಶುಚಿ ಕೆಲಸ ಶುರುವಾಗಿದ್ದದ್ದು 7ರಲ್ಲಿ ಮಾತ್ರ.

ನಿಯಮದ ಪ್ರಕಾರ ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಅನುಮಾನವಿರುವ ಜಾಗಗಳ ಪಟ್ಟಿ ಕೊಡಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 90 ದಿನದೊಳಗೆ ಪ್ರಾಥಮಿಕ ಪರಿಶೀಲನೆ ಮಾಡಬೇಕು, ನಂತರ ಮೂರು ತಿಂಗಳಲ್ಲಿ ವಿವರವಾದ ಸಮೀಕ್ಷೆ. ವಿಷ ಮಿತಿ ಮೀರಿದ್ದರೆ ಜನರಿಗೆ ತಿಳಿಸಿ ಜಾಗಕ್ಕೆ ನಿರ್ಬಂಧ ಹಾಕಬೇಕು. ಖರ್ಚು ಮಲಿನ ಮಾಡಿದವರದು. ಅವರು ಸಿಗದಿದ್ದರೆ ಕೇಂದ್ರ ಮತ್ತು ರಾಜ್ಯ ಸರ್ಕಾರಗಳದು. ಗಣಿಗಾರಿಕೆಯ ಮಾಲಿನ್ಯವನ್ನು ಈ ನಿಯಮದಿಂದ ಹೊರಗಿಟ್ಟಿದ್ದಾರೆ, ಕೆಜಿಎಫ್‌ನವರಿಗೆ ಇದರಿಂದ ಉಪಯೋಗ ಕಷ್ಟ. ಆದರೆ ಹಳೆ ಯಾರ್ಡು, ಹಳೆ ಶೆಡ್ಡು, ಮುಚ್ಚಿದ ಕಾರ್ಖಾನೆ ಇರುವ ಊರಿನವರು ಜಿಲ್ಲಾಧಿಕಾರಿಗೆ ಒಂದು ಅರ್ಜಿ ಬರೆಯಬಹುದು. ಪಟ್ಟಿಗೆ ಸೇರುವುದು ಮೊದಲ ಮೆಟ್ಟಿಲು.

ಕೊಟ್ಟಿಗೆಯ ಕಂಬ

ಕೊನೆಗೆ ಮನೆಯ ಮಾತು. ಗೇಜ್ ಬದಲಾದಾಗ ಹರಾಜಿಗೆ ಬಂದ ಮರದ ಸ್ಲೀಪರ್‌ಗಳು ನಮ್ಮ ಊರುಗಳಿಗೂ ಬಂದವು. ದನದ ಕೊಟ್ಟಿಗೆಯ ಕಂಬ, ಬಚ್ಚಲ ಮೇಲಿನ ತೊಲೆ, ಗೇಟು, ಜಗಲಿಯ ಬೆಂಚು. ನಾವೂ ಅಂಥ ಬೆಂಚಿನ ಮೇಲೆ ಕೂತು ಓದಿದವರೇ. ಗಟ್ಟಿ ಮರ, ಗೆದ್ದಲು ಹಿಡಿಯದು ಎಂದು ಹಿರಿಯರು ಹೊಗಳುತ್ತಿದ್ದರು. ಗೆದ್ದಲು ಯಾಕೆ ಹಿಡಿಯದು ಎಂದು ನಾವು ಕೇಳಿರಲಿಲ್ಲ.

ಮಧ್ಯಾಹ್ನದ ಬಿಸಿಲಿಗೆ ಮರದಿಂದ ಟಾರಿನ ವಾಸನೆ ಬಂದರೆ, ಕಪ್ಪು ಜಿಡ್ಡು ಕೈಗೆ ಹತ್ತಿದರೆ, ಅದು ಕ್ರಿಯೋಸೋಟ್ ಕುಡಿದ ಮರ. ಅದನ್ನು ಒಲೆಗೆ, ನೀರೊಲೆಗೆ ಹಾಕಬೇಡಿ, ಹೊಗೆಯೇ ವಿಷ. ದನ ನೆಕ್ಕುವ ಗೋದಲಿಗೆ, ಬಾವಿ ಕಟ್ಟೆಗೆ, ಸೊಪ್ಪಿನ ಮಡಿಗೆ ಅಂಚಾಗಿ ಬಳಸಬೇಡಿ. ಗರಗಸ ಹಾಕುವುದಾದರೆ ಮೂಗಿಗೆ ಬಟ್ಟೆ ಕಟ್ಟಿ, ಪುಡಿಯನ್ನು ತಿಪ್ಪೆಗೆ ಎಸೆಯಬೇಡಿ.

ಬಾಣಸವಾಡಿಯೂ ಒಂದು ಕಾಲಕ್ಕೆ ಕೆರೆ, ಹೊಲ, ತೋಟದ ಹಳ್ಳಿಯೇ. ನಗರ ಅದರ ಮೇಲೆ ಹತ್ತಿ ಕೂತಿತು. ಈಗ ಹೊಸ ಟರ್ಮಿನಲ್, ಹೊಸ ಲೈನು, ಉಪನಗರ ರೈಲು ಎಂದು ನಮ್ಮ ಊರುಗಳ ಕಡೆಗೂ ಹಳಿ ಬರುತ್ತಿದೆ. ಬರಲಿ, ನಮಗೂ ಬೇಕು. ಒಂದಲ್ಲ ಒಂದು ದಿನ ಅವುಗಳಲ್ಲಿ ಕೆಲವು ಹಳೆಯದಾಗುತ್ತವೆ. ಆಗ ನಮ್ಮ ಮೊಮ್ಮಕ್ಕಳು ಆ ದಾರಿಯಲ್ಲಿ ಬರಿಗಾಲಲ್ಲಿ ನಡೆಯಬಹುದೋ ಇಲ್ಲವೋ ಎಂಬುದು ಇವತ್ತು ಎಣ್ಣೆ ಎಲ್ಲಿ ಚೆಲ್ಲುತ್ತೇವೆ, ಅದನ್ನು ಯಾರು ಬರೆದಿಡುತ್ತಾರೆ ಎಂಬುದರ ಮೇಲೆ ನಿಂತಿದೆ.

ನಿಮ್ಮ ಊರಲ್ಲಿ ಹಳೆ ಯಾರ್ಡಿನಲ್ಲಿ, ಗ್ಯಾಂಗಿನಲ್ಲಿ ದುಡಿದ ಹಿರಿಯರಿದ್ದರೆ ಈ ವಾರವೇ ಹೋಗಿ ಕೂತು ಕೇಳಿ. ಬೂದಿ ಎಲ್ಲಿ ಸುರಿಯುತ್ತಿದ್ದರು, ಎಣ್ಣೆ ಡ್ರಮ್ಮು ಎಲ್ಲಿತ್ತು, ಸ್ಲೀಪರ್ ರಾಶಿ ಎಲ್ಲಿತ್ತು. ಒಂದು ಹಾಳೆಯಲ್ಲಿ ಬರೆದಿಡಿ. ಸರ್ಕಾರದ ನಕ್ಷೆಯಲ್ಲಿ ಹಳಿ ಇರುತ್ತದೆ. ಬೂದಿಯ ಗುಡ್ಡೆ ಇರುವುದು ಅವರ ನೆನಪಿನಲ್ಲಿ ಮಾತ್ರ.