ರಸ್ತೆಮಟ್ಟಕ್ಕಿಂತ ತಗ್ಗಿನಲ್ಲಿರುವ ನಿವೇಶನಗಳಲ್ಲಿ ಮಳೆನೀರಿನ ನಿರ್ವಹಣೆ: ನಾಗರಿಕರಿಗೆ ಮಾಹಿತಿ

ಪೀಠಿಕೆ

ಬೆಂಗಳೂರು ನಗರವು ಎತ್ತರದ ದಿಣ್ಣೆಗಳ ಮೇಲೆ ಹಾಗೂ ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ ಮತ್ತು ಹೆಬ್ಬಾಳ ಕಣಿವೆಗಳ ಇಳಿಜಾರಿನಲ್ಲಿ ಹರಡಿಕೊಂಡಿದೆ. ಆದುದರಿಂದ ಅನೇಕ ಬಡಾವಣೆಗಳಲ್ಲಿ ರಸ್ತೆಯ ಒಂದು ಬದಿಯ ನಿವೇಶನಗಳು ಸಹಜವಾಗಿಯೇ ತಗ್ಗಿನಲ್ಲಿರುತ್ತವೆ. ಹಳೆಯ ಬಡಾವಣೆಗಳಲ್ಲಿ ಹಳೆಯ ಪದರವನ್ನು ಕೆರೆದು ತೆಗೆಯದೆ ಮೇಲಿಂದ ಮೇಲೆ ಡಾಂಬರು ಹಾಕಿರುವುದರಿಂದಲೂ ರಸ್ತೆ ಎತ್ತರವಾಗಿ, ಒಂದು ಕಾಲಕ್ಕೆ ಸಮಮಟ್ಟದಲ್ಲಿದ್ದ ಮನೆಗಳು ತಗ್ಗಿಗೆ ಸರಿದಿವೆ. ಇಂತಹ ನಿವೇಶನಗಳ ಮಾಲೀಕರು ಮನೆ ಕಟ್ಟುವ ಅಥವಾ ದುರಸ್ತಿ ಮಾಡುವ ಮುನ್ನ ಗಮನಿಸಬೇಕಾದ ಅಂಶಗಳನ್ನು ಇಲ್ಲಿ ನೀಡಲಾಗಿದೆ.

1. ನೀರಿನ ಪ್ರಮಾಣ

ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆಯಾದರೆ 1 ಲೀಟರ್ ನೀರು ದೊರೆಯುತ್ತದೆ. 30×40 ಅಡಿ ನಿವೇಶನದ ವಿಸ್ತೀರ್ಣ ಸುಮಾರು 111 ಚದರ ಮೀಟರ್. ಒಂದು ಗಂಟೆಯಲ್ಲಿ 60 ಮಿ.ಮೀ. ಮಳೆ ಸುರಿದರೆ ಈ ನಿವೇಶನದ ಮೇಲೆಯೇ ಸುಮಾರು 6,700 ಲೀಟರ್ ನೀರು ಬೀಳುತ್ತದೆ. ಇದರಲ್ಲಿ ಛಾವಣಿ 70 ಚದರ ಮೀಟರ್ ಇದ್ದಲ್ಲಿ ಛಾವಣಿಯ ಪಾಲು 4,200 ಲೀಟರ್, ಉಳಿದ ಅಂಗಳದ ಪಾಲು ಸುಮಾರು 2,500 ಲೀಟರ್. ರಸ್ತೆಯಿಂದ ನುಗ್ಗುವ ನೀರು ಇದಕ್ಕೆ ಹೊರತಾದುದು. ಈ ಮೂರನ್ನೂ ಬೇರೆ ಬೇರೆಯಾಗಿ ನಿರ್ವಹಿಸುವುದೇ ಸರಿಯಾದ ಕ್ರಮ.

2. ರಸ್ತೆಯ ನೀರು

ಗೇಟಿನ ಒಳಭಾಗದಲ್ಲಿ, ಸ್ವಂತ ನಿವೇಶನದ ಗಡಿಯೊಳಗೆ, ವಾಹನ ದಾಟುವಷ್ಟು ಎತ್ತರದ ದಿಬ್ಬವನ್ನು ಕಟ್ಟಿ, ಅದರ ಹಿಂದೆ ಕಬ್ಬಿಣದ ಜಾಲರಿ ಹೊದಿಸಿದ ಅಡ್ಡ ಚರಂಡಿಯನ್ನು ನಿರ್ಮಿಸುವುದು. ದಿಬ್ಬವನ್ನು ರಸ್ತೆಯ ಮೇಲಾಗಲಿ ಪಾದಚಾರಿ ಮಾರ್ಗದ ಮೇಲಾಗಲಿ ಕಟ್ಟತಕ್ಕದ್ದಲ್ಲ. ಗೇಟಿನ ಮುಂದಿನ ರಸ್ತೆಬದಿ ಚರಂಡಿಯನ್ನು ಕಾಂಕ್ರೀಟಿನಿಂದ ಪೂರ್ತಿ ಮುಚ್ಚಿದಲ್ಲಿ ಹೂಳು ತೆಗೆಯಲಾಗದೆ, ತಡೆಯಲು ಹೊರಟ ನೀರೇ ಮನೆಯೊಳಗೆ ಬರುತ್ತದೆ. ಆದುದರಿಂದ ತೆಗೆದು ಹಾಕಬಹುದಾದ ಚಪ್ಪಡಿಗಳನ್ನೇ ಬಳಸುವುದು.

3. ಛಾವಣಿಯ ನೀರು

ನೆಲ ತಗ್ಗಿನಲ್ಲಿದ್ದರೂ ಛಾವಣಿ ರಸ್ತೆಗಿಂತ ಎತ್ತರದಲ್ಲಿರುತ್ತದೆ. ಛಾವಣಿಯ ನೀರನ್ನು ಅಂಗಳಕ್ಕೆ ಇಳಿಸಿದರೆ ಪುನಃ ಮೇಲೆತ್ತಲು ಪಂಪು ಬೇಕಾಗುತ್ತದೆ. ಅದರ ಬದಲು ಕೊಳವೆಯನ್ನು ಗೋಡೆಗೆ ಬಿಗಿದು, 100 ಅಡಿಗೆ 1 ಅಡಿಯಂತೆ ಇಳಿಜಾರು ಕೊಟ್ಟು, ಎತ್ತರದಲ್ಲಿಯೇ ಸಾಗಿಸಿ ಶೇಖರಣಾ ತೊಟ್ಟಿಗೆ ಬಿಡುವುದು; ತುಂಬಿ ಹೊರಸೂಸುವ ನೀರನ್ನು ರಸ್ತೆಬದಿಯ ಮಳೆನೀರು ಚರಂಡಿಗೆ ಸೇರಿಸುವುದು. ಇದಕ್ಕೆ ತೊಟ್ಟಿಯ ಹೊರಹರಿವು ಚರಂಡಿಯ ಮಟ್ಟಕ್ಕಿಂತ ಮೇಲಿರಬೇಕು.

2009ರಲ್ಲಿ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಕಾಯ್ದೆಗೆ ತಂದ ತಿದ್ದುಪಡಿಯ ಮೂಲಕ ಮಳೆನೀರು ಕೊಯ್ಲನ್ನು ಕಡ್ಡಾಯಗೊಳಿಸಲಾಗಿದೆ. 30×40 ಅಡಿ ಹಾಗೂ ಅದಕ್ಕಿಂತ ದೊಡ್ಡ ನಿವೇಶನಗಳಲ್ಲಿ ಹೊಸದಾಗಿ ಮನೆ ಕಟ್ಟುವವರು ನಕ್ಷೆ ಸಿದ್ಧಪಡಿಸುವ ಹಂತದಲ್ಲಿಯೇ ಇದಕ್ಕೆ ಸ್ಥಳ ಮೀಸಲಿಡುವುದು.

4. ಅಂಗಳದ ನೀರು

ಅಂಗಳದ ನೀರನ್ನು ಹೂಳು ತಡೆಯುವ ಗುಂಡಿಯ ಮೂಲಕ ಹಾಯಿಸಿ ಇಂಗುಬಾವಿಗೆ ಬಿಡಬಹುದು. 3 ಅಡಿ ವ್ಯಾಸ, 20 ಅಡಿ ಆಳದ ಇಂಗುಬಾವಿಯಲ್ಲಿ ಸುಮಾರು 4,000 ಲೀಟರ್ ನೀರು ಹಿಡಿಯುತ್ತದೆ. ಮೇಲಿನ ಲೆಕ್ಕದಂತೆ ಅಂಗಳದ 2,500 ಲೀಟರಿಗೆ ಇದು ಸಾಕು. ಛಾವಣಿಯ ನೀರನ್ನೂ ಸೇರಿಸಿದರೆ ಸಾಲದು. ಜೇಡಿಮಣ್ಣಿನಲ್ಲಿ ನೀರು ನಿಧಾನವಾಗಿ ಇಂಗುವುದರಿಂದ ಬೆನ್ನುಬೆನ್ನಿಗೆ ಮಳೆ ಬಂದಾಗ ಬಾವಿ ತುಂಬಿಯೇ ಇರಬಹುದು. ಇಂಗುಬಾವಿಯನ್ನು ಮನೆಯ ಅಡಿಪಾಯ ಹಾಗೂ ಕಾಂಪೌಂಡ್ ಗೋಡೆಯಿಂದ ದೂರವಿಡುವುದು, ಭದ್ರವಾದ ಮುಚ್ಚಳ ಹಾಕುವುದು, ಶೌಚ ಅಥವಾ ಬಚ್ಚಲ ನೀರನ್ನು ಅದಕ್ಕೆ ಬಿಡದಿರುವುದು.

ಪಂಪನ್ನು ಕೊನೆಯ ಆಸರೆಯಾಗಿ ಮಾತ್ರ ಇಟ್ಟುಕೊಳ್ಳುವುದು. ಬಿರುಮಳೆಯ ವೇಳೆಯಲ್ಲಿಯೇ ವಿದ್ಯುತ್ ಕಡಿತವಾಗುವುದು ಸಾಮಾನ್ಯ.

5. ಒಳಚರಂಡಿಗೆ ಮಳೆನೀರು ಸೇರಿಸಕೂಡದು

ಒಳಚರಂಡಿ ಕೊಳವೆಗಳು ಮನೆಬಳಕೆಯ ಮಲಿನ ನೀರಿಗಾಗಿ ಮಾತ್ರ ಇರತಕ್ಕವು. ಮೇಲಿನ ಮನೆಗಳವರು ಛಾವಣಿಯ ನೀರನ್ನು ಇವುಗಳಿಗೆ ಜೋಡಿಸಿದಾಗ ಮಲಿನ ನೀರು ತಗ್ಗಿನ ಮನೆಯ ಶೌಚಾಲಯದಲ್ಲಿ ಮೇಲುಕ್ಕುತ್ತದೆ. ತಗ್ಗಿನ ಮನೆಗಳವರು ಒಳಚರಂಡಿ ಸಂಪರ್ಕಕ್ಕೆ ಹಿಮ್ಮುಖ ಹರಿವನ್ನು ತಡೆಯುವ ಕವಾಟವನ್ನು ಅಳವಡಿಸಿಕೊಳ್ಳುವುದು ಕ್ಷೇಮಕರ. ಕುಡಿಯುವ ನೀರಿನ ಸಂಪಿನ ಬಾಯಿಯನ್ನು ನೆಲದಿಂದ ಕನಿಷ್ಠ ಒಂದು ಅಡಿ ಎತ್ತರಿಸತಕ್ಕದ್ದು. ಸಂಪಿಗೆ ಹೊರಗಿನ ನೀರು ಸೇರಿದಲ್ಲಿ ಪೂರ್ತಿ ಖಾಲಿ ಮಾಡಿ, ತೊಳೆದು, ಕ್ಲೋರಿನ್ ಹಾಕಿದ ನಂತರವೇ ಬಳಸುವುದು.

6. ನೆರೆಹೊರೆಯವರ ಹಕ್ಕು

1882ರ ಭಾರತೀಯ ಅನುಭೋಗದ ಹಕ್ಕುಗಳ ಅಧಿನಿಯಮದ 7ನೇ ಪ್ರಕರಣದ ದೃಷ್ಟಾಂತದಂತೆ, ಮೇಲಿನ ಜಮೀನಿನ ಮೇಲೆ ಬಿದ್ದು, ನಿರ್ದಿಷ್ಟ ಕಾಲುವೆಯಲ್ಲಿ ಹರಿಯದೆ ಸಹಜವಾಗಿ ಇಳಿದುಬರುವ ನೀರಿಗೆ ಕೆಳಗಿನ ಜಮೀನಿನವರು ಎಡೆಕೊಡಬೇಕಾಗುತ್ತದೆ. ಕೊಳವೆಯಲ್ಲಿ ಒಟ್ಟುಗೂಡಿಸಿ ಒಂದೇ ಕಡೆ ಸುರಿಸುವ ನೀರಿಗೆ ಈ ಹಕ್ಕು ಅನ್ವಯಿಸುವುದಿಲ್ಲ. ಈ ನಿಯಮ ತಮಗೆ ಮೇಲಿನವರಿಂದ ರಕ್ಷಣೆ ನೀಡುವಂತೆ, ತಮ್ಮ ಕೆಳಗಿನವರಿಗೂ ತಮ್ಮಿಂದ ರಕ್ಷಣೆ ನೀಡುತ್ತದೆ. ಹಿಂದಿನ ನಿವೇಶನದ ಮೂಲಕ ಕೊಳವೆ ಒಯ್ಯುವುದಾದಲ್ಲಿ ಆ ಮಾಲೀಕರ ಲಿಖಿತ ಒಪ್ಪಿಗೆ ಪಡೆಯುವುದು. ಮಾಲೀಕರ ನಡುವಣ ಇಂತಹ ವ್ಯಾಜ್ಯಗಳನ್ನು ಸಿವಿಲ್ ನ್ಯಾಯಾಲಯದಲ್ಲಿ ಪರಿಹರಿಸಿಕೊಳ್ಳಬೇಕಾಗುತ್ತದೆ.

7. ಅರ್ಜಿ ಸಲ್ಲಿಸುವವರಿಗೆ

2025ರ ಸೆಪ್ಟೆಂಬರ್‌ನಿಂದ ಬೆಂಗಳೂರಿನಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವದಲ್ಲಿವೆ. ರಸ್ತೆಬದಿ ಚರಂಡಿಯ ಹೂಳು, ಒಡೆದ ಚರಂಡಿ ಹಾಗೂ ರಸ್ತೆ ಅಗೆತದ ಅನುಮತಿಗಾಗಿ ತಮ್ಮ ವ್ಯಾಪ್ತಿಯ ಪಾಲಿಕೆಗೆ ಅರ್ಜಿ ಸಲ್ಲಿಸುವುದು. ಅರ್ಜಿಯೊಂದಿಗೆ ಮಳೆಯ ದಿನ ತೆಗೆದ ಛಾಯಾಚಿತ್ರಗಳನ್ನೂ, ರಸ್ತೆ, ಚರಂಡಿ ಮತ್ತು ಅಂಗಳದ ಮಟ್ಟಗಳನ್ನು ತೋರಿಸುವ ಕೈನಕ್ಷೆಯನ್ನೂ ಲಗತ್ತಿಸಿದಲ್ಲಿ ಸ್ಥಳಪರಿಶೀಲನೆಗೆ ಅನುಕೂಲವಾಗುತ್ತದೆ. ಗಾರೆ ಕೆಲಸದವರು ನೀರು ತುಂಬಿ ಬಳಸುವ ಪಾರದರ್ಶಕ ಕೊಳವೆಯಿಂದ ಈ ಮಟ್ಟಗಳನ್ನು ಅಳೆಯಬಹುದು. ಅರ್ಜಿಗೆ ಸ್ವೀಕೃತಿ ಪಡೆದು ಕಾಯ್ದಿರಿಸಿಕೊಳ್ಳುವುದು. ಒಳಚರಂಡಿ ದೂರುಗಳಿಗೆ ಜಲಮಂಡಳಿಯ 1916 ಸಂಖ್ಯೆಗೆ ಕರೆ ಮಾಡುವುದು.

ವಿಶೇಷ ಸೂಚನೆ: ಮನೆಯೊಳಗೆ ನೀರು ನುಗ್ಗಿದಾಗ ನೀರಿನಲ್ಲಿ ನಿಂತು ಸ್ವಿಚ್ಚು, ಪಂಪು ಅಥವಾ ಮೀಟರ್ ಪೆಟ್ಟಿಗೆಯನ್ನು ಮುಟ್ಟಕೂಡದು. ಬೆಸ್ಕಾಂನ 1912 ಸಂಖ್ಯೆಗೆ ತಿಳಿಸಿ ವಿದ್ಯುತ್ ಸಂಪರ್ಕ ನಿಲ್ಲಿಸಿದ ಬಳಿಕವೇ ಒಳಗೆ ಪ್ರವೇಶಿಸುವುದು. ಮೀಟರ್ ಪೆಟ್ಟಿಗೆಯನ್ನು ರಸ್ತೆಮಟ್ಟಕ್ಕಿಂತ ಮೇಲೆ ಸ್ಥಳಾಂತರಿಸಲು ಮಳೆಗಾಲಕ್ಕೆ ಮೊದಲೇ ಅರ್ಜಿ ಸಲ್ಲಿಸಲು ಕೋರಲಾಗಿದೆ.