ನ್ಯಾಯಯುತ ಪ್ಯಾಕೆಟ್ ಸರದಿ
ಹಲವರು ಹಂಚಿಕೊಳ್ಳುವ ಜಾಲಸಂಪರ್ಕದಲ್ಲಿ ಬ್ಯಾಂಡ್‌ವಿಡ್ತ್ ಒಬ್ಬರದೇ ಪಾಲಾಗದಂತೆ ಪ್ಯಾಕೆಟ್‌ಗಳ ಸರದಿಯನ್ನು ನಿರ್ಧರಿಸುವ ಕ್ರಮವಿಧಿ. ಬಂದ ಕ್ರಮದಲ್ಲೇ ಕಳುಹಿಸಿದರೆ ಭಾರಿ ಡೌನ್‌ಲೋಡ್ ಒಂದೇ ಉಳಿದ ಹರಿವುಗಳನ್ನು ತಡೆಹಿಡಿಯಬಲ್ಲದು. 1985ರಲ್ಲಿ ಜಾನ್ ನೇಗಲ್ ಪ್ರತಿ ಮೂಲಕ್ಕೂ ಪ್ರತ್ಯೇಕ ಸಾಲನ್ನು ಸೂಚಿಸಿದರು. ಅದರಲ್ಲಿ ಸಾಲುಗಳಿಂದ ಸರದಿಯಂತೆ ಒಂದೊಂದೇ ಪ್ಯಾಕೆಟ್ ಹೋಗುತ್ತಿದ್ದುದರಿಂದ ದೊಡ್ಡ ಪ್ಯಾಕೆಟ್‌ಗಳಿಗೆ ಹೆಚ್ಚು ಪಾಲು ಸಿಗುತ್ತಿತ್ತು. 1989ರಲ್ಲಿ ಡೆಮರ್ಸ್, ಕೇಶವ್ ಮತ್ತು ಶೆಂಕರ್ ಬಿಟ್‌ಗಳ ಲೆಕ್ಕದಲ್ಲಿ ಸರದಿ ಗೊತ್ತುಮಾಡಿ ಈ ಕೊರತೆಯನ್ನು ನೀಗಿದರು. 1995ರಲ್ಲಿ ಶ್ರೀಧರ್ ಮತ್ತು ಜಾರ್ಜ್ ವರ್ಗೀಸ್ ರೂಪಿಸಿದ ‘ಡೆಫಿಸಿಟ್ ರೌಂಡ್ ರಾಬಿನ್’ನಲ್ಲಿ ಪ್ರತಿ ಸಾಲಿಗೂ ಸುತ್ತಿಗಿಷ್ಟು ಬೈಟ್‌ಗಳ ಪಾಲುಂಟು, ಸಾಲು ಬರಿದಾಗದಿದ್ದರೆ ಉಳಿದ ಪಾಲು ಮುಂದಿನ ಸುತ್ತಿಗೆ ಜಮೆಯಾಗುತ್ತದೆ. ಇದನ್ನು ವಿಳಂಬ ನಿಯಂತ್ರಣದೊಂದಿಗೆ ಬೆಸೆಯುವ ‘ಎಫ್‌ಕ್ಯೂ-ಪೈ’ ವಿಧಾನವನ್ನು ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯ ತಂಡವು ಲಿನಕ್ಸ್‌ಗೆ ಅಳವಡಿಸಿತು, 2020ರ 5.6ನೇ ಆವೃತ್ತಿಯಲ್ಲಿ ಅದು ಸೇರಿತು.